ಮುಳುಗಿದ ಊರಿನ ಮೂವತ್ತೆಂಟು ಮನೆ

ತಂಗಿಯ ಮದುವೆ ವೈಶಾಖದಲ್ಲಿ, ಹಾಸನದಲ್ಲೇ ಛತ್ರ. ಅಡುಗೆಯವರು "ಎಷ್ಟು ಎಲೆ ಹೇಳಿ" ಅಂತ ಎರಡು ಸಲ ಫೋನ್ ಮಾಡಿದ್ದಾರೆ. ನಮ್ಮ ಕಡೆಯಿಂದ 400 ದಾಟಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಸಾಲ ಮಾಡದೆ ಆಗುವುದು ಅಷ್ಟೇ. ಪಟ್ಟಿ ಬರೆದು ಮುಗಿಸಿದಾಗ 530 ಆಗಿತ್ತು.

ಹೊಡೆದು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮೊದಲು ಕೈ ಹಾಕಿದ್ದು ಅಪ್ಪ ಬರೆದ "ಊರಿನವರು" ಅನ್ನುವ ಹಾಳೆಗೆ. 38 ಮನೆ. ಅರ್ಧ ಜನರ ಮುಖ ಕೂಡ ನಾನು ನೋಡಿಲ್ಲ. ಆ ಊರೂ ಈಗ ಇಲ್ಲ. ಗೊರೂರಿನ ಹತ್ತಿರ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿಗೆ ಹೋದ ಊರುಗಳಲ್ಲಿ ನಮ್ಮದೂ ಒಂದು. ಶೆಟ್ಟಿಹಳ್ಳಿ ಚರ್ಚ್ ನೋಡೋಕೆ ಎಲ್ಲರೂ ಹೋಗುತ್ತಾರಲ್ವಾ? ಮಳೆಗಾಲದಲ್ಲಿ ನೀರೊಳಗೆ ನಿಂತಿರುತ್ತದೆ, ಬೇಸಿಗೆಯಲ್ಲಿ ಒಳಗೆಲ್ಲಾ ಓಡಾಡಬಹುದು. ಅದೇ ನೀರು. ನಮ್ಮೂರಲ್ಲಿ ಅಷ್ಟು ಎತ್ತರದ್ದು ಯಾವುದೂ ಇರಲಿಲ್ಲ. ಮಕ್ಕಳಿಗೆ ತೋರಿಸೋಕೆ ಏನೂ ಉಳಿದಿಲ್ಲ.

ಅಪ್ಪ ಜಗಳ ಆಡಲಿಲ್ಲ. ಬೀರುವಿನಿಂದ ತಾತನ ಮುಯ್ಯಿ ಪುಸ್ತಕ ತಂದು ಮುಂದೆ ಇಟ್ಟರು. 1974ರಲ್ಲಿ ಸೋದರತ್ತೆಯ ಮದುವೆಗೆ ಯಾರು ಏನು ಕೊಟ್ಟರು ಅನ್ನುವುದು ಅದರಲ್ಲಿದೆ. ಎರಡು ರೂಪಾಯಿ. ಒಂದು ರೂಪಾಯಿ. ಹತ್ತು ತೆಂಗಿನಕಾಯಿ. ಒಬ್ಬರ ಹೆಸರಿನ ಮುಂದೆ "ಚಪ್ಪರಕ್ಕೆ ಸೊಪ್ಪು, ಎರಡು ಗಾಡಿ" ಅಂತ ಇತ್ತು.

"ಇವರಲ್ಲಿ ಎಷ್ಟೋ ಜನಕ್ಕೆ ನಾವು ತಿರುಗಿ ಮುಯ್ಯಿ ಹಾಕಿಲ್ಲ ಕಣೋ. ಊರು ಚದುರಿ ಹೋಯ್ತು. ಅವರ ಮಕ್ಕಳ ಮದುವೆ ಯಾವಾಗ ಆಯ್ತೋ, ಎಲ್ಲಿ ಆಯ್ತೋ, ನಮಗೆ ಗೊತ್ತೇ ಆಗಲಿಲ್ಲ" ಅಂದರು.

ಹೊಡೆದಿದ್ದ ಹೆಸರುಗಳನ್ನೆಲ್ಲಾ ಮತ್ತೆ ಬರೆದೆ. ಆದರೂ ಅದು ಹಳೇ ಬಾಕಿ ತೀರಿಸುವ ಲೆಕ್ಕ ಅಂತಲೇ ಅಂದುಕೊಂಡಿದ್ದೆ. ಹೋದ ಭಾನುವಾರ ಆಲೂರಿನ ಕಡೆ ಹೋದಾಗ ಅದು ಹಾಗಲ್ಲ ಅಂತ ಗೊತ್ತಾಯಿತು.

ವಾಟ್ಸಾಪಲ್ಲಿ ಕಳಿಸಿದರೆ ಇವರಿಗೆ ಕರೆದಂತೆ ಆಗುವುದಿಲ್ಲ. ಮನೆಗೇ ಹೋಗಬೇಕು, ಕುಂಕುಮ ಕೊಟ್ಟು ಕರೆಯಬೇಕು. ಆ ಮನೆಯ ಅಜ್ಜಿಗೆ ಎಂಬತ್ತರ ಹತ್ತಿರ. ಪತ್ರಿಕೆ ಇಸ್ಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಗಂಡು ಎಲ್ಲಿಯವನು, ಏನು ಕೆಲಸ, ಏನೂ ಕೇಳಲಿಲ್ಲ. "ನಮ್ಮೂರೋರು ಯಾರ್ ಯಾರು ಬರ್ತಾರಪ್ಪಾ?" ಅಂದರು. ಅಪ್ಪ ಒಂದೊಂದೇ ಹೆಸರು ಹೇಳುತ್ತಾ ಹೋದರು. ಒಂದು ಹೆಸರಿಗೆ ಅಜ್ಜಿ ತಡೆದರು. ಬಾವಿಗೆ ಜೊತೆಗೆ ಹೋಗುತ್ತಿದ್ದ ಗೆಳತಿ ಅಂತೆ, ಈಗ ಅರಕಲಗೂಡಲ್ಲಿ ಮಗನ ಮನೆಯಲ್ಲಿದ್ದಾರೆ. ನೋಡಿ ಹತ್ತು ವರ್ಷದ ಮೇಲಾಯಿತು. "ಅವಳು ಬರೋದಾದ್ರೆ ನಾನು ಹಿಂದಿನ ದಿನಾನೇ ಬರ್ತೀನಿ."

ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ.

ಅವತ್ತು ರಾತ್ರಿ ನನ್ನ ಆಫೀಸಿನ 60 ಹೆಸರು ತೆಗೆದೆ. ದಿನಾ ನೋಡುವ ಜನ, ಸ್ವೀಟ್ ಕೊಟ್ಟರೆ ಖುಷಿಯಾಗುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ. ತಂಗಿ ನಾನು ಕೇಳುವ ಮೊದಲೇ ತನ್ನ ಕಾಲೇಜಿನ ಹಾಳೆ ಹರಿದಳು. ಇನ್ನೂ 20 ಎಲೆ ಜಾಸ್ತಿಯೇ ಇದೆ. ಇರಲಿ.

ಛತ್ರದ ಕೆಳಗಿನ ಒಂದು ರೂಮನ್ನು ಅಜ್ಜಿಯರಿಗೆ ಅಂತ ಇಟ್ಟಿದ್ದೇವೆ. ಈ ಭಾನುವಾರ ಅರಕಲಗೂಡಿಗೆ ಹೊರಟಿದ್ದೇವೆ. ಆ ಪತ್ರಿಕೆಯ ನಾಲ್ಕು ಮೂಲೆಗೂ ಅಪ್ಪ ಆಗಲೇ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟಿದ್ದಾರೆ.