ಉಸಿರಿಗೆ ತಕ್ಕಂತೆ ಬಡಿದ ಹೃದಯ

ಬಯೋಮೆಡಿಕಲ್ ಇಂಜಿನಿಯರಿಂಗ್ ಸೇರಿದವರಿಗೆ ಶರೀರಕ್ರಿಯಾಶಾಸ್ತ್ರದ ಮೇಲೆ ಮೊದಮೊದಲು ಮಲತಾಯಿ ಧೋರಣೆ ಇರುತ್ತದೆ. "ಸರ್ಕ್ಯೂಟ್ ಮಾಡೋಕೆ ಬಂದವರಿಗೆ ಕಿಡ್ನಿ ಕಥೆ ಯಾಕೆ?" ಎಂಬ ಗೊಣಗಾಟ ನಮ್ಮ ಹಿಂದಿನ ಬೆಂಚಿನಲ್ಲೂ ಇತ್ತು. ನನಗೆ ಅದರ ರುಚಿ ಹತ್ತಿದ್ದು ಪಾಠ ಕೇಳಿ ಅಲ್ಲ, ಇಸಿಜಿ ಲ್ಯಾಬಿನಲ್ಲಿ.

ಗೆಳೆಯನೊಬ್ಬನನ್ನು ಮಂಚದ ಮೇಲೆ ಮಲಗಿಸಿದ್ದೆವು. ಸ್ಪಿರಿಟ್ಟಿನಿಂದ ಚರ್ಮ ಒರೆಸಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು ವೈರು ಸಿಕ್ಕಿಸಿದ್ದಾಯಿತು. ಪರದೆಯಲ್ಲಿ ಮೂಡಿದ್ದು ಮಾತ್ರ ಒಂದು ದಪ್ಪ ಪಟ್ಟಿ. ಚರ್ಮದ ಮೇಲೆ ಸಿಗುವ ಹೃದಯದ ಸಂಕೇತ ಒಂದು ಮಿಲಿವೋಲ್ಟಿನ ಆಸುಪಾಸಿನದು. ಕರೆಂಟಿನ 50 ಹರ್ಟ್ಸ್ ಗದ್ದಲ ಅದನ್ನು ನುಂಗಿ ನೀರು ಕುಡಿದಿತ್ತು. ಫಿಲ್ಟರ್ ಹಾಕೋಣ ಎಂದ ಒಬ್ಬ. ಮೇಡಂ ಏನೂ ಹೇಳದೆ ಬಲಗಾಲಿನ ಎಲೆಕ್ಟ್ರೋಡನ್ನು ಹೆಬ್ಬೆರಳಿನಿಂದ ಒತ್ತಿದರು. ಜೆಲ್ ಒಣಗಿ ಅದರ ಅಂಚು ಮೇಲೆದ್ದಿತ್ತು. ಒತ್ತಿದ್ದೇ ತಡ, ಪಟ್ಟಿ ತೆಳುವಾಗಿ ಗೆರೆಯಾಯಿತು.

ದೇಹದೊಳಗೆ ವಿದ್ಯುತ್ತು ಹರಿಯುವುದು ಅಯಾನುಗಳೆಂಬ ವಿದ್ಯುದಾವೇಶ ಹೊತ್ತ ಕಣಗಳಿಂದ, ವೈರಿನಲ್ಲಿ ಎಲೆಕ್ಟ್ರಾನುಗಳಿಂದ. ಈ ಕೈಬದಲು ನಡೆಯುವ ಜಾಗವೇ ಎಲೆಕ್ಟ್ರೋಡು. ಇಸಿಜಿಗಾಗಿ 1924ರಲ್ಲಿ ನೊಬೆಲ್ ಪಡೆದ ಐಂತೋವನ್ ಕಾಲದಲ್ಲಿ ರೋಗಿಗಳು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರುತ್ತಿದ್ದರಂತೆ. ನಮ್ಮ ಜೆಲ್ಲಿನದೂ ಅದೇ ಕೆಲಸ.

ಇಷ್ಟಾದ ಮೇಲೆ ಅಳತೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ಮಿಲಿಮೀಟರಿನ ಸಣ್ಣ ಚೌಕಕ್ಕೆ 0.04 ಸೆಕೆಂಡ್. ಒಂದೊಂದು ಬಡಿತಕ್ಕೆ ಒಂದೊಂದು ಎತ್ತರದ ಶಿಖರ. ಎರಡು ಶಿಖರಗಳ ನಡುವಿನ ಚೌಕಗಳನ್ನು ಎಣಿಸುತ್ತಾ ಹೋದರೆ ಒಂದು ಕಡೆ 19, ಇನ್ನೊಂದು ಕಡೆ 24! ಅಂದರೆ ನಿಮಿಷಕ್ಕೆ 79ರ ವೇಗದಲ್ಲಿ ಬಡಿಯುತ್ತಿದ್ದ ಹೃದಯ ಕೆಲವೇ ಬಡಿತಗಳಲ್ಲಿ 62ಕ್ಕೆ ಇಳಿದಿತ್ತು. ಮಲಗಿದ್ದವನ ಮುಖ ಕಪ್ಪಿಟ್ಟಿತು. "ಮೇಡಂ, ನಂಗೇನಾದ್ರೂ ತೊಂದ್ರೆ ಇದ್ಯಾ?"

"ನಿಧಾನವಾಗಿ ಉಸಿರು ತಗೊಳ್ಳಪ್ಪ, ನಿಧಾನವಾಗಿ ಬಿಡು," ಎಂದರು ಅವರು. ಉಸಿರು ಒಳಗೆ ಎಳೆದಾಗ ಶಿಖರಗಳು ಒತ್ತೊತ್ತಾದವು, ಬಿಟ್ಟಾಗ ದೂರ ಸರಿದವು. ಮತ್ತೆ ಎಳೆದ, ಮತ್ತೆ ಅದೇ. ಹೃದಯದ ವೇಗಕ್ಕೆ ಲಗಾಮು ಹಾಕುವುದು ವೇಗಸ್ ನರ. ಉಸಿರು ಎಳೆದಾಗ ಆ ಲಗಾಮು ಸಡಿಲವಾಗುತ್ತದೆ, ಬಿಟ್ಟಾಗ ಬಿಗಿಯಾಗುತ್ತದೆ. ಹರೆಯದವರಲ್ಲಿ ಇದು ಎದ್ದು ಕಾಣುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಗಡಿಯಾರದಂತೆ ಒಂದೇ ಸಮ ಬಡಿಯುವ ಹೃದಯವೇ ಆರೋಗ್ಯವಂತ ಹೃದಯ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದರು.

ಅದೇ ಗೆರೆಯಲ್ಲಿ ಇನ್ನೊಂದು ಸೋಜಿಗವನ್ನೂ ಮೇಡಂ ತೋರಿಸಿದರು. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳ ಸಂಕೇತ ಮೂಡಿಸುವ ಪುಟ್ಟ ಪಿ ಅಲೆಗೂ ಅದರ ಮುಂದಿನ ಶಿಖರಕ್ಕೂ ನಡುವೆ ಒಂದು ಸಣ್ಣ ಸಮತಟ್ಟು ಇರುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಸಂಕೇತ ದಾಟಿಸುವ ಎವಿ ನೋಡ್ ಎಂಬ ಗಂಟು ಅದನ್ನು ಕ್ಷಣಕಾಲ ತಡೆದು ನಿಲ್ಲಿಸಿಕೊಳ್ಳುವುದು. ಹೃತ್ಕರ್ಣಗಳು ರಕ್ತವನ್ನು ಪೂರ್ತಿ ಕೆಳಕ್ಕೆ ತಳ್ಳುವ ಮೊದಲೇ ಹೃತ್ಕುಕ್ಷಿಗಳು ಸಂಕುಚಿಸಬಾರದಲ್ಲ! ವಿಳಂಬ ಕಂಡಲ್ಲೆಲ್ಲ ಅದನ್ನು ಕಿತ್ತೆಸೆಯುವುದನ್ನೇ ಕಲಿಯುವ ನಮಗೆ ಇದು ಹೊಸದು.

ಆಮೇಲೆ ಶುರುವಾಯಿತು ಚರ್ಚೆ. ಬಡಿತಗಳ ನಡುವಿನ ಅಂತರ ಏರುಪೇರಾದ ಕೂಡಲೇ ಕೂಗುವ ಅಲಾರ್ಮ್ ಮಾಡಿಟ್ಟರೆ ಆರೋಗ್ಯವಾಗಿರುವ ಇಪ್ಪತ್ತರ ಹುಡುಗನ ಪಕ್ಕದಲ್ಲೂ ಅದು ಬಾಯಿ ಮುಚ್ಚುವುದಿಲ್ಲ. ಮಿತಿಯನ್ನು ಸಡಿಲಿಸೋಣವೆಂದರೆ ನಿಜವಾದ ಲಯದೋಷ ಕೈತಪ್ಪಬಹುದು. ಏರುಪೇರು ಉಸಿರಿನ ಜೊತೆ ಹೋಗುತ್ತಿದೆಯೇ ಎಂದು ನೋಡುವುದೇ ಸರಿ ಎಂಬುದು ನನ್ನ ವಾದ. ಉಸಿರಾಡುವಾಗ ಎದೆಯ ವಿದ್ಯುತ್ ಪ್ರತಿರೋಧ ಬದಲಾಗುತ್ತದೆ. ಎದೆಗೆ ಅಂಟಿಸಿದ ಇಸಿಜಿ ಎಲೆಕ್ಟ್ರೋಡುಗಳಿಂದಲೇ ಅದನ್ನು ಅಳೆಯಬಹುದು. "ಹಾಗಾದ್ರೆ ಅವನು ಕೆಮ್ಮಿದ್ರೆ?" ಎಂದರು ಮೇಡಂ. ಲ್ಯಾಬ್ ಮುಚ್ಚುವ ಹೊತ್ತಾದರೂ ನಾವಿನ್ನೂ ಕೆಮ್ಮಿನ ಲೆಕ್ಕದಲ್ಲೇ ಇದ್ದೆವು.