ಲೇಸಿನ ಬಣ್ಣ

ಸೌದಿ ಅರೇಬಿಯಾದ ದಮ್ಮಾಮಿನ ಆಗಸ್ಟ್ ರಾತ್ರಿಯಲ್ಲಿ ಬೆವರು ಆರುವುದೇ ಇಲ್ಲ. ಉಡುಪಿಯ ಮೇ ತಿಂಗಳ ಸೆಕೆಯೇ ಇದಕ್ಕಿಂತ ವಾಸಿ. 2023ರ ಆಗಸ್ಟ್ 14, ಸೋಮವಾರ. ಪಾಳಿ ಮುಗಿಸಿ, ಸ್ನಾನವನ್ನೂ ಮಾಡದೆ, ಪ್ರಿನ್ಸ್ ಮೊಹಮ್ಮದ್ ಬಿನ್ ಫಹದ್ ಕ್ರೀಡಾಂಗಣಕ್ಕೆ ಓಡಿದ್ದೆ. ಅಲ್ ಇತ್ತಿಫಾಕ್ ಮತ್ತು ಅಲ್ ನಸ್ರ್ ನಡುವಿನ ಫುಟ್‌ಬಾಲ್ ಪಂದ್ಯ. ಜೊತೆಗೆ ಬಂದ ರೂಮಿನ ಹುಡುಗರಿಗೆ ರೊನಾಲ್ಡೊನನ್ನು ನೋಡುವ ಆಸೆ. ಅವನು ಆಡಲೇ ಇಲ್ಲ. ನಾನು ಹೋಗಿದ್ದು ಜೋರ್ಡನ್ ಹೆಂಡರ್ಸನ್‌ಗಾಗಿ. ಹನ್ನೆರಡು ವರ್ಷ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿಗೆ ಆಡಿದವನು, ಎಂಟು ವರ್ಷ ಅದರ ನಾಯಕ. ಇಷ್ಟು ವರ್ಷದ ಸಲುಗೆಯಲ್ಲಿ ಏಕವಚನ ಬಳಸುತ್ತೇನೆ, ಕ್ಷಮೆಯಿರಲಿ.

ಆಟ ಶುರುವಾಗುವ ಮೊದಲೇ ಬೆಂಗಳೂರಿನಿಂದ ಚಿಕ್ಕಮ್ಮನ ಮಗನ ಸಂದೇಶ ಬಂತು: "ಅಣ್ಣಾ, ಅವನ ಶೂ ಲೇಸು ಯಾವ ಬಣ್ಣ ನೋಡಿ ಹೇಳು."

ಈ ಪ್ರಶ್ನೆಗೆ ಹಿನ್ನೆಲೆಯಿದೆ. ಇಂಗ್ಲೆಂಡಿನಲ್ಲಿ ಸ್ಟೋನ್‌ವಾಲ್ ಎಂಬ ಸಂಸ್ಥೆ 2013ರಿಂದ ಕಾಮನಬಿಲ್ಲಿನ ಬಣ್ಣದ ಲೇಸುಗಳ ಅಭಿಯಾನ ನಡೆಸುತ್ತಿದೆ. ಸಲಿಂಗಿಗಳಿಗೂ ಲಿಂಗಪರಿವರ್ತಿತರಿಗೂ ಮೈದಾನದಲ್ಲಿ ಜಾಗವಿದೆ ಎಂದು ಸಾರುವುದಕ್ಕೆ ಆಟಗಾರರು ಆ ಲೇಸು ಕಟ್ಟಿಕೊಂಡು ಆಡುತ್ತಾರೆ. ಹೆಂಡರ್ಸನ್ ಅದನ್ನು ಕಟ್ಟಿದ, ಆ ಬಣ್ಣಗಳ ತೋಳುಪಟ್ಟಿಯನ್ನೂ ತೊಟ್ಟ. ಹಲವರು ಅಷ್ಟಕ್ಕೇ ಸುಮ್ಮನಾಗುತ್ತಾರೆ. ಅವನು 2021ರ ಕೊನೆಯಲ್ಲಿ ಪಂದ್ಯದ ಪುಸ್ತಿಕೆಯಲ್ಲಿ ಬರೆದೂ ಬಿಟ್ಟ: ತಾನು ಆಟಗಾರನಾಗುವ ಮೊದಲು ಒಬ್ಬ ತಂದೆ, ಗಂಡ, ಮಗ, ಅಣ್ಣ, ತನ್ನವರಲ್ಲಿ ಯಾರಿಗಾದರೂ ತಾವು ತಾವಾಗಿರುವುದಕ್ಕೇ ಮೈದಾನ ಪರಕೀಯವಾಗುವುದಾದರೆ ಅದನ್ನು ಊಹಿಸುವುದಕ್ಕೂ ಆಗುವುದಿಲ್ಲ ಎಂಬ ಅರ್ಥದ ಮಾತು. ಆ ವರ್ಷ ನಾನು ರಜೆಗೆ ಊರಿಗೆ ಹೋಗಿದ್ದಾಗ ತಮ್ಮ ಆ ಪುಟವನ್ನು ಮೊಬೈಲಿನಲ್ಲಿ ನನ್ನ ಮುಂದೆ ಹಿಡಿದ. ಓದಿ ಮುಗಿಸಿದ ಮೇಲೆ, "ನಾನೂ ಹಾಗೇ ಅಣ್ಣ" ಎಂದ. ಮನೆಯಲ್ಲಿ ಹೇಳಿದ ಮೊದಲ ಮನುಷ್ಯ ನಾನು. ಹೇಳುವುದಕ್ಕೆ ಅವನಿಗೆ ಇಂಗ್ಲೆಂಡಿನ ಒಬ್ಬ ಮಿಡ್‌ಫೀಲ್ಡರನ ನೆರವು ಬೇಕಾಯಿತು.

2023ರ ಜುಲೈನಲ್ಲಿ ಅದೇ ಹೆಂಡರ್ಸನ್ ಇತ್ತಿಫಾಕ್ ಸೇರಿ ದಮ್ಮಾಮಿಗೆ ಬಂದ. ಸಲಿಂಗ ಸಂಬಂಧ ಅಪರಾಧವಾಗಿರುವ ನಾಡಿಗೆ. ಇತ್ತಿಫಾಕ್‌ನ ತರಬೇತುದಾರ ಅವನ ಹಳೆಯ ನಾಯಕ ಸ್ಟೀವನ್ ಜೆರಾರ್ಡ್. ಲಿವರ್‌ಪೂಲ್‌ಗೆ ಸುಮಾರು 1.2 ಕೋಟಿ ಪೌಂಡ್ ಸಂದಿತು. ಅವನಿಗೆ ವಾರಕ್ಕೆ 7 ಲಕ್ಷ ಪೌಂಡ್ ಎಂದು ಪತ್ರಿಕೆಗಳು ಬರೆದವು. ಅಷ್ಟಿಲ್ಲ ಎಂದು ಅವನು ಆಮೇಲೆ ಹೇಳಿದ. ಸ್ವಾಗತದ ವಿಡಿಯೊದಲ್ಲಿ ಹೊಸ ಕ್ಲಬ್ಬು ಅವನ ಹಳೆಯ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ತೋರಿಸಿತು. ತೋಳಿನ ಕಾಮನಬಿಲ್ಲು ಬೂದಿಬಣ್ಣದ ಪಟ್ಟಿಯಾಗಿತ್ತು. ಲಿವರ್‌ಪೂಲಿನ ಸಲಿಂಗಿ ಅಭಿಮಾನಿಗಳ ಬಳಗ ಕಾಪ್ ಔಟ್ಸ್ ಮೊದಲೇ ನೊಂದಿತ್ತು. ಈ ಬೂದಿಪಟ್ಟಿ ಗಾಯಕ್ಕೆ ಉಪ್ಪು ಸವರಿತು.

ಇಲ್ಲಿ ನನ್ನ ಕಷ್ಟ ಹೇಳಬೇಕು. ಬೈಯುವ ಹಕ್ಕು ನನಗಿರಲಿಲ್ಲ. ಊರಿನ ಸಂಬಳದ ಮೂರು ಪಟ್ಟು ಸಿಗುತ್ತದೆಂದು ನಾನೂ ಇದೇ ಊರಿಗೆ ಬಂದವನು. ಉಡುಪಿ, ಮಂಗಳೂರು, ಭಟ್ಕಳದ ಎಷ್ಟೋ ಮನೆಗಳ ತಾರಸಿ ಈ ಮರಳಿನ ದುಡ್ಡಿನಿಂದಲೇ ಮೇಲೆದ್ದಿದೆ, ನಮ್ಮದೂ ಸೇರಿ. ನಾನು ಪುಸ್ತಿಕೆಯಲ್ಲಿ ಏನನ್ನೂ ಬರೆದಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಪಂದ್ಯದ ನಾಲ್ಕನೆಯ ನಿಮಿಷಕ್ಕೇ ನಸ್ರ್ ಪರ ಸಾದಿಯೊ ಮಾನೆ ಗೋಲು ಹೊಡೆದ. ಲಿವರ್‌ಪೂಲಿನ ಇಬ್ಬರು ಹಳೆಯ ಜೊತೆಗಾರರು ಅರಬ್ಬರ ನೆಲದಲ್ಲಿ ಎದುರುಬದುರು. ನನ್ನ ಕಣ್ಣು ಮಾತ್ರ ಹೆಂಡರ್ಸನ್‌ನ ಕಾಲಿನ ಮೇಲೆ. ಮೇಲಿನ ಸಾಲಿನಿಂದ ಶೂ ಬರೀ ಒಂದು ಚುಕ್ಕೆ. ಮೊಬೈಲಿನಲ್ಲಿ ಹತ್ತಿರಕ್ಕೆಳೆದೆ, ಹುಲ್ಲು ಒಡೆದು ಹಸಿರು ಚೌಕಗಳಾಯಿತು, ಲೇಸು ಕಾಣಲಿಲ್ಲ.

ವಿರಾಮದ ಹೊತ್ತಿಗೆ ಊರಿನಲ್ಲಿ ಸ್ವಾತಂತ್ರ್ಯ ದಿನ ಆರಂಭವಾಗಿತ್ತು. ರೂಮಿನ ಹುಡುಗನೊಬ್ಬ ಆ ಬೂದಿಪಟ್ಟಿಯ ವಿಡಿಯೊ ತೆರೆದು, "ಇಲ್ಲಿನ ನೀರಿಗೆ ಬಣ್ಣ ನಿಲ್ಲುವುದಿಲ್ಲ ನೋಡಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾನೂನಿಗೆ ಹೆದರಿಯಲ್ಲ, ನಾಲ್ಕು ಜನ ಊರವರ ನಡುವೆ ಬೇರೆಯಾಗಿ ಕಾಣಬಾರದೆಂದು ನಕ್ಕೆ. ಅಷ್ಟು ಅಗ್ಗಕ್ಕೆ.

ಎರಡನೆಯ ಅವಧಿಯಲ್ಲಿ ಇತ್ತಿಫಾಕ್ ಸಮ ಮಾಡಿಕೊಂಡಿತು. ಆಮೇಲೆ ಹೆಂಡರ್ಸನ್ ಚೆಂಡು ದಾಟಿಸಿಕೊಟ್ಟ, ಮೂಸಾ ಡೆಂಬೆಲೆ ಗೋಲಾಗಿಸಿದ. 2–1. ನಾನು ಎದ್ದು ನಿಂತು ಕೂಗಿಬಿಟ್ಟೆ. ಅಭಿಮಾನಕ್ಕೆ ನಾಚಿಕೆ ಎಲ್ಲಿಯದು? ಬಸ್ಸಿನಲ್ಲಿ ಕುಳಿತ ಮೇಲೆ ತಮ್ಮನಿಗೆ ಬರೆದೆ: "ಕಾಣಲಿಲ್ಲ." ಅವನು ಒಂದೇ ಪದ ಕಳಿಸಿದ: "ಗೊತ್ತಿತ್ತು."

ಸೆಪ್ಟೆಂಬರಿನಲ್ಲಿ ಹೆಂಡರ್ಸನ್‌ನ ದೊಡ್ಡ ಸಂದರ್ಶನ ಬಂತು. ನೊಂದವರ ಕ್ಷಮೆ ಕೇಳಿದ. ಬೂದಿಪಟ್ಟಿಯ ಸಂಗತಿ ತನಗೆ ಮೊದಲು ಗೊತ್ತಿರಲಿಲ್ಲ ಎಂದ. ಅದೆಲ್ಲವನ್ನೂ ನಾನು ನಂಬಿದೆ. ಬಂದದ್ದು ಹಣಕ್ಕಲ್ಲ ಎಂದನಲ್ಲ, ಅಲ್ಲಿ ನನಗೆ ರೇಗಿತು. ಹಣಕ್ಕೆಂದೇ ಬಂದ ಲಕ್ಷಾಂತರ ಜನ ಅವನ ಸುತ್ತ ಇದ್ದೆವು. ಹಾಗೆಂದು ಒಪ್ಪಿಕೊಂಡಿದ್ದರೆ ನಮ್ಮಲ್ಲೊಬ್ಬನಾದರೂ ಆಗುತ್ತಿದ್ದ. ತಮ್ಮನಿಗೆ ಹಾಗೆ ಹೇಳಿದಾಗ ಅವನು ಒಪ್ಪಲಿಲ್ಲ. "ನಿನಗೆ ಅವನ ಸುಳ್ಳಿನ ಚಿಂತೆ. ನನಗೆ ಅವನು ಮೊದಲು ಹೇಳಿದ್ದು ನಿಜವಾಗಿತ್ತೇ ಎನ್ನುವ ಚಿಂತೆ" ಎಂದ.

ಅಕ್ಟೋಬರಿನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ಪರ ಆಡುತ್ತಿದ್ದಾಗ, ಆಸ್ಟ್ರೇಲಿಯಾ ವಿರುದ್ಧದ ಪಂದ್ಯದ ನಡುವೆ ಅವನನ್ನು ಹೊರಕ್ಕೆ ಕರೆದಾಗ ಸ್ವಂತ ದೇಶದ ಜನರೇ ಅಣಕಿಸಿ ಕೂಗಿದರು. 2024ರ ಜನವರಿಯಲ್ಲಿ, ಆರೇ ತಿಂಗಳಿಗೆ, ದಮ್ಮಾಮ್ ಬಿಟ್ಟು ನೆದರ್‌ಲ್ಯಾಂಡ್ಸಿನ ಅಯಾಕ್ಸ್ ಕ್ಲಬ್ಬು ಸೇರಿದ. ಆಮ್‌ಸ್ಟರ್‌ಡ್ಯಾಮ್! 2001ರಲ್ಲಿ ಸಲಿಂಗ ವಿವಾಹವನ್ನು ಜಗತ್ತಿನಲ್ಲೇ ಮೊದಲು ಕಾನೂನುಬದ್ಧಗೊಳಿಸಿದ ದೇಶದ ರಾಜಧಾನಿ.

ಅದೇ ವಾರ ನನ್ನ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿಯ, ನವೀಕರಣದ ಕಾಗದಗಳು ಬಂದಿದ್ದವು. ತಮ್ಮ ಸಂದೇಶ ಕಳಿಸಿದ: "ಅವನು ಹೊರಟ. ನೀನು ಯಾವಾಗ ಬರುತ್ತೀ ಅಣ್ಣ?"

ಮನೆಸಾಲ ಇನ್ನೂ ಹನ್ನೊಂದು ಲಕ್ಷ ಇದೆ ಎಂದು ಬರೆದೆ.