ಕರೆಂಟ್ ಬಂತು, ನೆಟ್ ಬರಲಿಲ್ಲ

ಮೂರು ದಿನ ಕರೆಂಟ್ ಇರಲಿಲ್ಲ. ಪುನರ್ವಸು ಮಳೆ ಒಂದೇ ಸಮನೆ ಹಿಡಿದಿತ್ತು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಎಲ್ಲೋ ಮರ ಲೈನ್ ಮೇಲೆ ಬಿದ್ದಿತ್ತು, ಪಾಪ ಲೈನ್‌ಮನ್‌ಗಳು ಆ ಮಳೆಯಲ್ಲೇ ನಿಂತು ಕೆಲಸ ಮಾಡುತ್ತಿದ್ದರು. ಮೂರನೇ ದಿನ ರಾತ್ರಿ 11 ಗಂಟೆ ದಾಟಿದ ಮೇಲೆ ಲೈಟ್ ಹತ್ತಿತು. ಅಟ್ಟದ ಕೋಣೆಯಿಂದ ಸರ್ವರ್‌ನ ಫ್ಯಾನ್ ಸದ್ದು ಕೇಳಿಸಿತು. ಸದ್ಯ, ಎದ್ದಿತಲ್ಲ ಅಂದುಕೊಂಡು ಮಲಗಿದೆ.

ಬೆಳಗ್ಗೆ 7ಕ್ಕೆ ಅಕ್ಕನ ಮಗಳು ಬಾಗಿಲು ಬಡಿದಳು. "ಮಾವ, ನೆಟ್ ಬರ್ತಿಲ್ಲ. ಇವತ್ತೇ ಲಾಸ್ಟ್ ಡೇಟು."

ಅವಳಿಗೆ ಸಿಇಟಿ ಆಪ್ಷನ್ ಎಂಟ್ರಿ ಮಾಡಬೇಕಿತ್ತು. ನಮ್ಮ ಮನೆ ತಗ್ಗಿನಲ್ಲಿದೆ. ಮೊಬೈಲ್ ಸಿಗ್ನಲ್ ಬೇಕಾದರೆ ತೋಟ ದಾಟಿ ಗುಡ್ಡದ ಮೇಲಿನ ನೀರಿನ ಟ್ಯಾಂಕ್ ಹತ್ತಿರ ಹೋಗಿ ನಿಲ್ಲಬೇಕು, ಆ ಮಳೆಯಲ್ಲಿ, ಉಂಬಳಗಳ ನಡುವೆ, ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗುವ ಮಾತೇ ಇಲ್ಲ. ಮನೆಗೆ ಬಂದಿರುವ ಫೈಬರ್ ಒಂದೇ ದಾರಿ.

ಅಟ್ಟದ ಮೇಲಿರುವ ಸರ್ವರ್ ಅಂದರೆ ಒಂದು ಹಳೆಯ ಡೆಸ್ಕ್‌ಟಾಪ್. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಅದರಲ್ಲಿ ಫ್ರೀಬಿಎಸ್‌ಡಿ ಅನ್ನುವ ಯುನಿಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ. ಮನೆಯವರ ಫೋಟೋಗಳು, ಅಪ್ಪಯ್ಯನ ಅಡಿಕೆ ಲೆಕ್ಕ, ತೋಟದ ಕಾಗದಪತ್ರಗಳ ಸ್ಕ್ಯಾನ್, ಎಲ್ಲ ಎರಡು ಡಿಸ್ಕ್‌ಗಳಲ್ಲಿ ಒಂದರ ನಕಲು ಒಂದಾಗಿ ಕೂತಿವೆ. ಇದರ ಜೊತೆ ಮನೆಯ ಎಲ್ಲ ಫೋನು, ಲ್ಯಾಪ್‌ಟಾಪ್‌ಗಳಿಗೆ ಡಿಎನ್ಎಸ್ ಕೆಲಸವನ್ನೂ ಅದೇ ಮಾಡುತ್ತದೆ. ಅಂದರೆ ಯಾರಾದರೂ ಒಂದು ವೆಬ್‌ಸೈಟ್ ಹೆಸರು ಹಾಕಿದರೆ ಅದರ ನಂಬರ್ ಏನು ಅಂತ ಹುಡುಕಿ ಕೊಡುವುದು ಆ ಪೆಟ್ಟಿಗೆ. ಅದು ಉತ್ತರ ಕೊಡದಿದ್ದರೆ ಮನೆಮಂದಿಗೆಲ್ಲ "ನೆಟ್ ಇಲ್ಲ".

ನಮ್ಮ ಕಡೆಯವರಿಗೆ ಇಂಥ ಹೊತ್ತಿನಲ್ಲಿ ಮೊದಲು ಬರುವ ಅನುಮಾನ ಸಿಡಿಲಿನದ್ದು. ನನಗೂ ಹಾಗೇ ಆಯಿತು. ನೆಟ್‌ವರ್ಕ್ ಕಾರ್ಡ್ ಸುಟ್ಟಿರಬೇಕು ಅಂದುಕೊಂಡೆ. ಆದರೆ ಲ್ಯಾಪ್‌ಟಾಪ್‌ನಿಂದ ಎಸ್ಎಸ್ಎಚ್ ಹಾಕಿದರೆ (ನೆಟ್‌ವರ್ಕ್ ಮೂಲಕ ಆ ಪೆಟ್ಟಿಗೆಯ ಒಳಗೆ ಹೋಗುವ ದಾರಿ) ಲಾಗಿನ್ ಆಯಿತು. ಕಾರ್ಡ್‌ನ ಸ್ಥಿತಿ ಹೇಳುವ ಇಫ್‌ಕಾನ್ಫಿಗ್ ಕಮಾಂಡ್ ಕೊಟ್ಟರೆ 'ಆ್ಯಕ್ಟಿವ್' ಅಂತಿತ್ತು, ಪೂರ್ತಿ ಗಿಗಾಬಿಟ್ ವೇಗದಲ್ಲಿತ್ತು. ಸುಟ್ಟ ಕಾರ್ಡ್ ಹೀಗೆ ಮಾತಾಡುವುದಿಲ್ಲ. ಸರಿ, ಹೊರಗಿನ ದಾರಿ ನೋಡೋಣ ಅಂತ ಗೂಗಲ್‌ನ ಡಿಎನ್ಎಸ್ ನಂಬರ್ 8.8.8.8ಕ್ಕೆ ಪಿಂಗ್ ಮಾಡಿದೆ, ಅಂದರೆ ಇದ್ದೀಯಾ ಅಂತ ಕೂಗಿ ನೋಡಿದೆ. ಒಂದೂ ತಪ್ಪದೆ ಉತ್ತರ ಬಂತು. ಫೈಬರ್ ಚೆನ್ನಾಗಿತ್ತು! ಹೆಸರು ಹಾಕಿ ಪಿಂಗ್ ಮಾಡಿದರೆ ಮಾತ್ರ ಇಲ್ಲ.

ಇಲ್ಲಿಗೆ ಅರ್ಧ ದಾರಿ ಸಿಕ್ಕಿತು. ಡ್ರಿಲ್ ಅಂತ ಒಂದು ಕಮಾಂಡ್ ಇದೆ, ಡಿಎನ್ಎಸ್‌ಗೆ ನೇರವಾಗಿ ಪ್ರಶ್ನೆ ಕೇಳುವುದಕ್ಕೆ. ಒಂದೇ ಹೆಸರನ್ನು ಗೂಗಲ್‌ನ ಡಿಎನ್ಎಸ್‌ಗೆ ಕೇಳಿದೆ, ಥಟ್ಟನೆ ಬಂತು. ನಮ್ಮ ಪೆಟ್ಟಿಗೆಗೆ ಕೇಳಿದೆ, 'ಸರ್ವ್‌ಫೇಲ್', ಅಂದರೆ ಉತ್ತರ ಕೊಡಲು ಆಗಲಿಲ್ಲ ಅಂತ. ಬೇರೆ ಐದಾರು ಹೆಸರು ಕೇಳಿದೆ, ಎಲ್ಲಕ್ಕೂ ಅದೇ.

ಹುಡುಗಿಯ ಕೆಲಸ ಮೊದಲು ಆಗಲಿ ಅಂತ ಅವಳ ಲ್ಯಾಪ್‌ಟಾಪ್‌ನಲ್ಲಿ ಡಿಎನ್ಎಸ್ ಜಾಗಕ್ಕೆ 8.8.8.8 ಬರೆದೆ. ಪೇಜ್ ತೆರೆಯಿತು. ಅವಳು ಜಗಲಿಯ ಮೂಲೆಯಲ್ಲಿ ಕಾಲೇಜುಗಳ ಪಟ್ಟಿ ಹಿಡಿದು ಕೂತಳು. ಅಲ್ಲಿಗೆ ಬಿಟ್ಟುಬಿಡಬಹುದಿತ್ತು, ಎಲ್ಲರ ಫೋನಿಗೂ ಅದೇ ನಂಬರ್ ಹಾಕಿದ್ದರೆ ಮನೆಯಲ್ಲಿ ಯಾರೂ ಮತ್ತೆ ಕೇಳುತ್ತಿರಲಿಲ್ಲ. ನನಗೆ ಆಗಲಿಲ್ಲ. ನಿನ್ನೆ ಮೊನ್ನೆವರೆಗೆ ಸರಿಯಿದ್ದದ್ದು, ನಾನು ಒಂದಕ್ಷರ ಬದಲಾಯಿಸದೆ ಕೆಟ್ಟಿದೆ. ಕಾರಣ ತಿಳಿಯದೆ ಮೇಲಿಂದ ತೇಪೆ ಹಾಕಿದರೆ ಅದು ಇನ್ನೊಂದು ದಿನ ಇನ್ನೆಲ್ಲೋ ಎದ್ದು ಬರುತ್ತದೆ. ಅದೂ ಫೋಟೋಗಳಿರುವ ಜಾಗದಲ್ಲಿ ಎದ್ದರೆ?

ಮುಂದಿನ ಮೂರು ಗಂಟೆ ನಾನು ತಪ್ಪು ದಾರಿಯಲ್ಲಿದ್ದೆ. ಇದನ್ನೇ ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಡಿಎನ್ಎಸ್ ಮಾಡುವ ಪ್ರೋಗ್ರಾಂ ಹೆಸರು ಅನ್‌ಬೌಂಡ್. ಅದು ಓಡುತ್ತಿದೆಯಾ ಕೇಳಿದೆ, ಓಡುತ್ತಿದೆ ಅಂತ ಬಂತು. ನಿಲ್ಲಿಸಿ ಮತ್ತೆ ಶುರು ಮಾಡಿದೆ, ಏನೂ ವ್ಯತ್ಯಾಸ ಇಲ್ಲ. ಆಮೇಲೆ ಮೆಷಿನ್ ತನ್ನ ದಿನಚರಿ ಬರೆದಿಡುವ ಲಾಗ್ ನೋಡೋಣ ಅಂತ ಮೆಸೇಜಸ್ ಫೈಲಿನ ಕೊನೆಯ ಸಾಲುಗಳನ್ನು ತೆಗೆದೆ. ಎಲ್ಲ ಸಾಲಿನ ಮುಂದೆಯೂ 'ಜನವರಿ 1' ಅಂತಿತ್ತು. ಹಳೆಯ ಯುನಿಕ್ಸ್ ಪದ್ಧತಿಯ ಸಿಸ್ಟಂ ಲಾಗ್‌ನಲ್ಲಿ ತಿಂಗಳು, ದಿನ, ಗಂಟೆ ಇರುತ್ತದೆ, ವರ್ಷ ಇರುವುದಿಲ್ಲ. ನಾನು ಅದನ್ನು ಈ ವರ್ಷದ ಜನವರಿ ಅಂತ ಓದಿಕೊಂಡೆ. ಅಯ್ಯೋ, ಆರು ತಿಂಗಳಿಂದ ಲಾಗೇ ಬರೆಯುತ್ತಿಲ್ಲವಲ್ಲ, ಡಿಸ್ಕ್ ತುಂಬಿದೆಯೋ, ಇಲ್ಲ ಕರೆಂಟ್ ಹೋಗಿ ಬಂದು ಡಿಸ್ಕ್‌ಗೇ ಪೆಟ್ಟಾಗಿದೆಯೋ ಅಂತ ಎದೆ ಧಸಕ್ಕೆಂದಿತು. ಆ ಸಾಲುಗಳನ್ನು ಇನ್ನೊಂದು ಸಲ ನಿಧಾನವಾಗಿ ಓದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಓದಲಿಲ್ಲ. ಹೆದರಿದವನ ಕಣ್ಣು ತಾನು ಹೆದರಿದ್ದನ್ನೇ ಹುಡುಕುತ್ತದೆ.

ಡಿಸ್ಕ್‌ನಲ್ಲಿ ಜಾಗ ಬೇಕಾದಷ್ಟಿತ್ತು. ಡಿಸ್ಕ್‌ಗಳನ್ನು ನೋಡಿಕೊಳ್ಳುವ ಝಡ್‌ಎಫ್‌ಎಸ್‌ಗೆ ಸ್ಥಿತಿ ಕೇಳಿದರೆ ಎರಡೂ ಡಿಸ್ಕ್ ಆನ್‌ಲೈನ್, ಡೇಟಾದಲ್ಲಿ ದೋಷ ಗೊತ್ತಾಗಿಲ್ಲ ಅಂತ ಬಂತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದು ಸಾಲು ಸಾಲು ನೋಡಿದೆ. ಬದಲಾದ ಸೆಕ್ಟರ್ ಸೊನ್ನೆ, ಬಾಕಿ ಇರುವ ಸೆಕ್ಟರ್ ಸೊನ್ನೆ, ಕೇಬಲ್ ಕೆಟ್ಟರೆ ಏರುವ ಸಿಆರ್‌ಸಿ ಎಣಿಕೆಯೂ ಸೊನ್ನೆ. ಮಲೆನಾಡಿನ ತೇವಕ್ಕೆ ಈ ಕೊನೆಯದು ನನಗೆ ಯಾವಾಗಲೂ ಭಯ, ಮಳೆಗಾಲದಲ್ಲಿ ಪುಸ್ತಕ, ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಮನೆಯಲ್ಲಿ ಕನೆಕ್ಟರ್ ಪಿನ್ ಮಾತ್ರ ಹೊಳೆಯುತ್ತಿರಬೇಕು ಅಂದರೆ ಹೇಗೆ? ಆದರೂ ಸರಿಯಿತ್ತು.

ಇಷ್ಟೊತ್ತಿಗೆ ಮಧ್ಯಾಹ್ನ 1 ಗಂಟೆ. ಮಳೆ ಸ್ವಲ್ಪ ಹೊಳವಾಗಿತ್ತು. ಅಪ್ಪಯ್ಯ ಈ ಹೊಳವಿಗೇ ಕಾಯುತ್ತಿದ್ದರು, ಅಡಿಕೆಗೆ ಎರಡನೇ ಸಲ ಕೊಳೆರೋಗದ ಮದ್ದು ಹೊಡೆಸಬೇಕಿತ್ತು. ಅಂಗಳದಲ್ಲಿ ಡ್ರಮ್ ಇಟ್ಟು 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕೂಡಿಸಿ, ಚಾಕು ಅದ್ದಿ ನೋಡುತ್ತಿದ್ದರು. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಮದ್ದು ಹೊಡೆಸಿದ ತಾರೀಕನ್ನು ಅವರು ಯಾವಾಗಲೂ ಕ್ಯಾಲೆಂಡರ್ ಮೇಲೆ ಬರೆದಿಡುತ್ತಾರೆ. ಕೆಳಗಿಂದ ಕೂಗಿದರು.

"ಏ, ಇವತ್ತು ಎಷ್ಟನೇ ತಾರೀಕೋ? ಹನ್ನೊಂದಾ, ಹನ್ನೆರಡಾ?"

ಮೂರು ದಿನ ಕತ್ತಲೆಯಲ್ಲಿದ್ದು ಎಲ್ಲರಿಗೂ ದಿನ ತಪ್ಪಿತ್ತು. ನನ್ನ ಕೈ ಟರ್ಮಿನಲ್ ಮೇಲೇ ಇತ್ತು. ಡೇಟ್ ಅಂತ ಟೈಪ್ ಮಾಡಿದೆ.

ಗುರುವಾರ, ಜನವರಿ 1, 2015. ಸಂಜೆ 7:20.

ಅಪ್ಪಯ್ಯನಿಗೆ ಉತ್ತರ ಕೊಡಲು ಸ್ವಲ್ಪ ಹೊತ್ತು ಹಿಡಿಯಿತು.

ಲಾಗ್ ನಿಂತೇ ಇರಲಿಲ್ಲ. ರಾತ್ರಿ ಕರೆಂಟ್ ಬಂದಾಗಿನಿಂದ ಪೆಟ್ಟಿಗೆ ಬರೆಯುತ್ತಲೇ ಇತ್ತು, ತಾನು 2015ರಲ್ಲಿದ್ದೇನೆ ಅಂತ ನಂಬಿಕೊಂಡು. ಮೇಲಕ್ಕೆ ಹೋಗಿ ನೋಡಿದರೆ ಜುಲೈ ಸಾಲುಗಳು ಮುಗಿದ ಕೂಡಲೇ ಜನವರಿ 1, ಬೆಳಗ್ಗೆ 5:30ರಿಂದ ಶುರುವಾಗುತ್ತಿತ್ತು. 5:30 ಯಾಕೆ ಅಂದರೆ, ಮದರ್‌ಬೋರ್ಡ್ ಗಡಿಯಾರ ನನ್ನಲ್ಲಿ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿದೆ, ಅಲ್ಲಿ ಮಧ್ಯರಾತ್ರಿ 12 ಆದಾಗ ನಮ್ಮಲ್ಲಿ ಬೆಳಗ್ಗೆ ಐದೂವರೆ. ಕರೆಂಟ್ ಇಲ್ಲದಾಗ ಅದನ್ನು ನಡೆಸುವ ಪುಟ್ಟ ಬ್ಯಾಟರಿ ಸತ್ತಿತ್ತು. ಗಡಿಯಾರ ಆ ಬೋರ್ಡ್ ತಯಾರಿಸಿದವರು ಇಟ್ಟ ಮೊದಲ ದಿನಕ್ಕೆ ಹೋಗಿ ನಿಂತು, ಅಲ್ಲಿಂದ ಎಣಿಸಲು ಶುರು ಮಾಡಿತ್ತು.

ತಾರೀಕು ತಪ್ಪಿದರೆ ನೆಟ್ ಯಾಕೆ ಹೋಗಬೇಕು? ಇದು ನನಗೆ ತುಂಬ ಇಷ್ಟವಾದ ಭಾಗ. ಅನ್‌ಬೌಂಡ್ ಬರೀ ನಂಬರ್ ತಂದು ಕೊಡುವುದಿಲ್ಲ, ಆ ಉತ್ತರ ನಿಜವಾದದ್ದಾ ಅಂತ ಸಹಿ ಪರೀಕ್ಷೆ ಮಾಡುತ್ತದೆ. ಇದಕ್ಕೆ ಡಿಎನ್ಎಸ್‌ಸೆಕ್ ಅನ್ನುತ್ತಾರೆ. 2010ರ ಜುಲೈನಲ್ಲಿ ಇಡೀ ಡಿಎನ್ಎಸ್‌ನ ಬೇರಿಗೇ, ರೂಟ್‌ಗೇ, ಈ ಸಹಿ ಬಂತು. ಪ್ರತಿ ಸಹಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ, ಹಾಲಿನ ಪ್ಯಾಕೆಟ್ ಮೇಲಿನ ತಾರೀಕಿನ ಹಾಗೆ. 2015ರಲ್ಲಿ ಕೂತ ನನ್ನ ಪೆಟ್ಟಿಗೆಗೆ ಇವತ್ತಿನ ಸಹಿಗಳೆಲ್ಲ ಇನ್ನೂ ಹುಟ್ಟದ ಸಹಿಗಳು. ಬೇರಿನ ಸಹಿಯೇ ಸುಳ್ಳು ಅನಿಸಿದ ಮೇಲೆ ಅದರ ಕೆಳಗಿನ ಯಾವ ಹೆಸರನ್ನು ನಂಬುತ್ತದೆ? ಎಲ್ಲವನ್ನೂ ತಿರಸ್ಕರಿಸಿತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಹಾಗಾದರೆ ಸಮಯ ಸರಿ ಮಾಡುವ ಎನ್‌ಟಿಪಿ ಪ್ರೋಗ್ರಾಂ ಏನು ಮಾಡುತ್ತಿತ್ತು ಅಂತ ಕೇಳಬಹುದು. ಅದಕ್ಕೆ ಹೊರಗಿನ ಸಮಯದ ಸರ್ವರ್ ಬೇಕು, ಆ ಸರ್ವರ್‌ನ ಹೆಸರು ಸಿಗಬೇಕಾದರೆ ಡಿಎನ್ಎಸ್ ಬೇಕು, ಡಿಎನ್ಎಸ್‌ಗೆ ಸರಿಯಾದ ಸಮಯ ಬೇಕು. ಒಂದರ ಬಾಲ ಒಂದು ಕಚ್ಚಿಕೊಂಡು ಕೂತಿದ್ದವು.

ಇನ್ನೊಂದು ಬೀಗವೂ ಇತ್ತು. ಅದರ ಮ್ಯಾನ್ ಪುಟ, ಅಂದರೆ ಕೈಪಿಡಿಯ ಪುಟ, ತೆಗೆದು ಓದಿದೆ. ಹೊರಗಿನ ಸಮಯಕ್ಕೂ ತನ್ನ ಸಮಯಕ್ಕೂ 1000 ಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಆ ಎನ್‌ಟಿಪಿ ಪ್ರೋಗ್ರಾಂ ಏನೋ ದೊಡ್ಡ ಎಡವಟ್ಟಾಗಿದೆ ಅಂತ ಲಾಗ್‌ನಲ್ಲಿ ಬರೆದು ತಾನೇ ನಿಂತುಬಿಡುತ್ತದೆ. ಸಾವಿರ ಸೆಕೆಂಡ್ ಅಂದರೆ ಹದಿನೇಳು ನಿಮಿಷವೂ ಇಲ್ಲ. ನನ್ನದು ವರ್ಷಗಟ್ಟಲೆ ಹಿಂದಿತ್ತು. ಹೆಸರು ಸಿಕ್ಕಿದ್ದರೂ ಅದು ಸರಿ ಮಾಡುತ್ತಿರಲಿಲ್ಲ. ಶುರುವಾಗುವಾಗ ಒಂದು ಸಲ ಎಷ್ಟೇ ವ್ಯತ್ಯಾಸವಿದ್ದರೂ ಸರಿ ಮಾಡು ಅಂತ ಹೇಳುವ ಒಂದು ಆಯ್ಕೆ ಇದೆ, ನಾನು ಅದನ್ನು ಹಾಕಿರಲಿಲ್ಲ.

ಈ ಮ್ಯಾನ್ ಪುಟಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಯುನಿಕ್ಸ್‌ನ ಮೊದಲ ಕೈಪಿಡಿಯನ್ನು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರ್‌ನಲ್ಲಿ ತಂದರು. ಆವತ್ತಿಂದ ಪ್ರತಿ ಕಮಾಂಡ್‌ಗೂ ಒಂದು ಪುಟ ಬರೆದಿಡುವ ರೂಢಿ ನಡೆದುಕೊಂಡು ಬಂದಿದೆ, ಮತ್ತು ಅದು ಮೆಷಿನ್ ಒಳಗೇ ಇರುತ್ತದೆ. ಕರೆಂಟ್ ಒಂದಿದ್ದರೆ ಸಾಕು, ನೆಟ್ ಬೇಡ. ಬೆಂಗಳೂರಿನಲ್ಲಿದ್ದಾಗ ನನಗೆ ಇದರ ಬೆಲೆ ಗೊತ್ತಿರಲಿಲ್ಲ, ಏನೇ ಆದರೂ ಸರ್ಚ್ ಮಾಡುತ್ತಿದ್ದೆ. ವಾರಗಟ್ಟಲೆ ಮಳೆಯಲ್ಲಿ ಹೊರಗಿನ ಸಂಪರ್ಕ ಕಡಿದುಹೋಗುವ ಊರಿನಲ್ಲಿ, ಕೆಟ್ಟ ವಸ್ತುವಿನ ಒಳಗೇ ಅದರ ರಿಪೇರಿ ಪುಸ್ತಕ ಇರುವುದು ಎಷ್ಟು ದೊಡ್ಡ ಉಪಕಾರ! ಅದನ್ನು ಬರೆದವರ ಮೇಲೆ ನನಗೆ ನಿಜವಾಗಿ ಪ್ರೀತಿ ಇದೆ.

ಕೈಯಿಂದ ಇವತ್ತಿನ ತಾರೀಕು, ಗಂಟೆ ಕೊಟ್ಟೆ. ಅನ್‌ಬೌಂಡ್ ಮತ್ತೆ ಶುರು ಮಾಡಿದೆ. ಡ್ರಿಲ್ ಕೇಳಿದರೆ ಉತ್ತರ ಬಂತು. ಎನ್‌ಟಿಪಿಯೂ ಶುರುವಾಗಿ ನಾನು ಕೊಟ್ಟ ಸಮಯವನ್ನು ಸೆಕೆಂಡ್ ಮಟ್ಟಕ್ಕೆ ಸರಿ ಮಾಡಿಕೊಂಡಿತು. ಗಂಟೆಗೊಂದು ಸ್ನ್ಯಾಪ್‌ಶಾಟ್ (ಫೈಲುಗಳು ಆ ಕ್ಷಣ ಹೇಗಿದ್ದವೋ ಹಾಗೆ ಹಿಡಿದಿಡುವುದು) ತೆಗೆಯುವ ನನ್ನ ಸ್ಕ್ರಿಪ್ಟ್ 2015ರ ಹೆಸರಿನಲ್ಲಿ ಹದಿಮೂರೋ ಹದಿನಾಲ್ಕೋ ಮಾಡಿಟ್ಟಿತ್ತು, ಅವನ್ನು ಅಳಿಸಿದೆ. ಗಡಿಯಾರ ಹಿಂದಕ್ಕೆ ಹೋದದ್ದು ಪುಣ್ಯ. ಮುಂದಕ್ಕೆ ಹೋಗಿದ್ದರೆ, ತಿಂಗಳಿಗಿಂತ ಹಳೆಯದನ್ನು ತೆಗೆದುಹಾಕುವ ಅದೇ ಸ್ಕ್ರಿಪ್ಟ್ ಎಲ್ಲ ಸ್ನ್ಯಾಪ್‌ಶಾಟನ್ನೂ ಹಳೆಯದು ಅಂತ ಗುಡಿಸಿಬಿಡುತ್ತಿತ್ತು. ಆವತ್ತೇ ರಾತ್ರಿ ಆ ಸ್ಕ್ರಿಪ್ಟ್‌ಗೆ, ಎಷ್ಟೇ ಹಳೆಯದಾಗಿರಲಿ ಕೊನೆಯ ಇಪ್ಪತ್ತನ್ನು ಮುಟ್ಟಬೇಡ ಅಂತ ಒಂದು ಸಾಲು ಸೇರಿಸಿದೆ.

ಮಾರನೇ ದಿನ ತೀರ್ಥಹಳ್ಳಿಗೆ ಹೋಗಿ ಸಿಆರ್ 2032 ತಂದೆ. ನಾಣ್ಯದ ಹಾಗಿರುವ ಶೆಲ್ಲು, 20 ಮಿಲಿಮೀಟರ್ ಅಗಲ, 3 ವೋಲ್ಟ್. ವಾಚ್ ರಿಪೇರಿ ಅಂಗಡಿಯಲ್ಲೇ ಸಿಕ್ಕಿತು. ಪೆಟ್ಟಿಗೆ ಬಿಚ್ಚಿ ಹಳೆಯದಕ್ಕೆ ಮೀಟರ್ ಹಿಡಿದರೆ 2.1 ವೋಲ್ಟ್, ಹೊಸದಕ್ಕೆ 3.2. ಈ ಬ್ಯಾಟರಿಗೆ ಕೆಲಸವೇ ಕಡಿಮೆ. ಪ್ಲಗ್ ಹಾಕಿದ್ದಷ್ಟು ಹೊತ್ತು, ಮೆಷಿನ್ ಆಫ್ ಇದ್ದರೂ, ಪವರ್ ಸಪ್ಲೈಯಿಂದ ಬರುವ ಸಣ್ಣ ಕರೆಂಟ್‌ನಲ್ಲೇ ಗಡಿಯಾರ ನಡೆಯುತ್ತದೆ. ಪ್ಲಗ್ ತೆಗೆದಾಗ, ಇಲ್ಲ ಕರೆಂಟ್ ಹೋದಾಗ ಮಾತ್ರ ಬ್ಯಾಟರಿಯ ಸರದಿ. ನಮ್ಮ ಮನೆಯಲ್ಲಿ ಏಪ್ರಿಲ್, ಮೇ ಗುಡುಗು ಶುರುವಾದರೆ ಅಮ್ಮ ಎಲ್ಲ ಪ್ಲಗ್ ಕಿತ್ತು ಬಿಡುತ್ತಾರೆ, ಕಿತ್ತದ್ದೇ ಸರಿ, ಇಲ್ಲದಿದ್ದರೆ ಈ ಮೆಷಿನ್ ಎಂದೋ ಸುಟ್ಟುಹೋಗಿರುತ್ತಿತ್ತು. ಆಮೇಲೆ ಮಳೆಗಾಲದ ಕರೆಂಟ್ ಕಡಿತ. ಹೀಗೆ ವರ್ಷಕ್ಕೆ ಎಷ್ಟೋ ದಿನ ಆ ಪುಟ್ಟ ಶೆಲ್ಲೇ ಗಡಿಯಾರವನ್ನು ಹೊತ್ತುಕೊಂಡಿತ್ತು. ಆ ಮೂರು ದಿನದಲ್ಲಿ ಅದರ ಶಕ್ತಿ ಮುಗಿಯಿತು.

ಹೊಸ ಶೆಲ್ಲು ಹಾಕಿ, ತಾರೀಕು ಬರೆದು ಒಂದು ಚೂರು ಟೇಪ್‌ನಲ್ಲಿ ಪೆಟ್ಟಿಗೆಯ ಒಳಮೈಗೆ ಅಂಟಿಸಿದೆ. ಎನ್‌ಟಿಪಿಯ ಆ ಆಯ್ಕೆಯನ್ನೂ ಹಾಕಿದೆ. ಸಮಯದ ಸರ್ವರ್‌ಗಳ ಪಟ್ಟಿಗೆ ಹೆಸರಿನ ಜೊತೆ ಒಂದು ನಂಬರನ್ನೂ ಸೇರಿಸಿದೆ, ಡಿಎನ್ಎಸ್ ಇಲ್ಲದಿದ್ದರೂ ಒಂದು ದಾರಿ ಇರಲಿ ಅಂತ. ಎಲ್ಲ ಆದ ಮೇಲೆ ರಾತ್ರಿ ಮೆಷಿನ್ ನಿಲ್ಲಿಸಿ ಪ್ಲಗ್ ಕಿತ್ತೆ.

ಬೆಳಗ್ಗೆ ಕಾಫಿ ಕುಡಿದು ಅಟ್ಟ ಹತ್ತಿದೆ. ಮೊದಲು ನೆಟ್‌ವರ್ಕ್ ಕೇಬಲ್ ತೆಗೆದೆ. ಅದಿದ್ದರೆ ಎನ್‌ಟಿಪಿ ಹೊರಗಿನಿಂದ ಸಮಯ ತಂದು ಹಾಕಿ, ಶೆಲ್ಲು ಹಿಡಿದಿತ್ತೋ ಇಲ್ಲವೋ ಗೊತ್ತೇ ಆಗದ ಹಾಗೆ ಮುಚ್ಚಿಬಿಡುತ್ತದೆ. ಅಕ್ಕನ ಮನೆಯಿಂದ ತಂದ ಮಾನಿಟರ್, ಕೀಬೋರ್ಡ್ ಜೋಡಿಸಿ, ಪ್ಲಗ್ ಹಾಕಿ, ಲಾಗಿನ್ ಆಗಿ ಡೇಟ್ ಟೈಪ್ ಮಾಡಿದೆ. ಜುಲೈ 13. ಗಂಟೆ, ನಿಮಿಷ ನನ್ನ ಕೈಗಡಿಯಾರದ ಜೊತೆ ಕೂಡುತ್ತಿತ್ತು. ಆಮೇಲೆ ಕೇಬಲ್ ಸಿಕ್ಕಿಸಿದೆ. ಕೆಳಗೆ ಅಪ್ಪಯ್ಯ ಫೋನಿನಲ್ಲಿ ಶಿವಮೊಗ್ಗ ಮಂಡಿಯ ರಾಶಿ ಇಡಿ ಅಡಿಕೆಯ ರೇಟ್ ಜೋರಾಗಿ ಓದುವುದು ಕೇಳಿಸಿತು.